ಆರ್ಕ್ಟಿಕ್ ಮಂಜುಗಡ್ಡೆಯ ವಾರ್ಷಿಕ ಕನಿಷ್ಠ: ಮುನ್ಸೂಚನೆ ಮತ್ತು ಬಾಜಿ

ಉತ್ತರ ಧ್ರುವದ ಸುತ್ತ ಕಡಲ ನೀರೇ ಹೆಪ್ಪುಗಟ್ಟಿ ಉಂಟಾಗುವ ಮಂಜುಗಡ್ಡೆ ಬೇಸಗೆಯುದ್ದಕ್ಕೂ ಕರಗಿ, ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯಭಾಗದಲ್ಲಿ ವರ್ಷದ ಕನಿಷ್ಠ ವ್ಯಾಪ್ತಿಗೆ ಇಳಿಯುತ್ತದೆ. ವ್ಯಾಪ್ತಿಯೆಂದರೆ ಮೇಲ್ಮೈಯಲ್ಲಿ ಕನಿಷ್ಠ ಶೇ. 15ರಷ್ಟು ಮಂಜುಗಡ್ಡೆಯಿರುವ ಕಡಲಭಾಗಗಳ ಒಟ್ಟು ವಿಸ್ತೀರ್ಣ. ಮೋಡ, ಕತ್ತಲೆಗಳನ್ನು ದಾಟಿ ಬರುವ ಸೂಕ್ಷ್ಮತರಂಗಗಳನ್ನು ಗ್ರಹಿಸುವ ಉಪಗ್ರಹಗಳು 1979ರಿಂದ ಇದನ್ನು ದಾಖಲಿಸುತ್ತಿವೆ. 2007ರ ಅನಿರೀಕ್ಷಿತ ಕುಸಿತದ ಬಳಿಕ, ಹಲವು ದೇಶಗಳ ಸಂಶೋಧಕರು ಸೆಪ್ಟೆಂಬರ್ ಸರಾಸರಿಯನ್ನು ಮುಂಚಿತವಾಗಿ ಅಂದಾಜಿಸಿ ಒಂದೆಡೆ ಸಲ್ಲಿಸುವ ವ್ಯವಸ್ಥೆ 2008ರಲ್ಲಿ ಆರಂಭವಾಯಿತು. 2012ರಲ್ಲಿ ಕನಿಷ್ಠ ವ್ಯಾಪ್ತಿ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿ ದಾಖಲೆಯಾದರೆ, ಮರುವರ್ಷವೇ ಅದು 50 ಲಕ್ಷವನ್ನು ಮೀರಿತು. ಎರಡೂ ವರ್ಷ ಬಹುಪಾಲು ಅಂದಾಜುಗಳು ತಪ್ಪಿದವು. ವಸಂತದಲ್ಲಿ ಮಂಜುಗಡ್ಡೆಯ ದಪ್ಪ ನಿಖರವಾಗಿ ತಿಳಿಯದಿರುವುದೂ, ಬೇಸಗೆಯ ಗಾಳಿ ಮತ್ತು ಚಂಡಮಾರುತಗಳನ್ನು ತಿಂಗಳುಗಳ ಮೊದಲೇ ಊಹಿಸಲಾಗದಿರುವುದೂ ಇದಕ್ಕೆ ಮುಖ್ಯ ಕಾರಣಗಳು.

ಹೀಗೆ ಊಹೆಗೆ ಸುಲಭವಾಗಿ ನಿಲುಕದ ಮಂಜುಗಡ್ಡೆಯ ಮೇಲೆ ಬಾಜಿ ಕಟ್ಟುವುದೂ ಹೊಸದಲ್ಲ. ಅಲಾಸ್ಕಾದ ನೆನಾನಾದಲ್ಲಿ ತನಾನಾ ನದಿಯ ಹೆಪ್ಪು ಒಡೆಯುವ ಗಳಿಗೆಯ ಮೇಲೆ 1917ರಿಂದ ಹಣ ಕಟ್ಟಲಾಗುತ್ತಿದೆ. ಕಡಲ ಮಂಜುಗಡ್ಡೆಯ ಬಾಜಿಯಲ್ಲಿ ಮಾತ್ರ ಯಾವ ಸಂಸ್ಥೆಯ ದತ್ತಾಂಶ, ದಿನದ ಕನಿಷ್ಠವೋ ತಿಂಗಳ ಸರಾಸರಿಯೋ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ‘ಮಂಜುಗಡ್ಡೆರಹಿತ’ ಎಂಬುದಕ್ಕೂ 10 ಲಕ್ಷ ಚದರ ಕಿಲೋಮೀಟರಿಗಿಂತ ಕಡಿಮೆ ಎಂಬ ಒಪ್ಪಿತ ಮಿತಿಯಿದೆ. ಆ ಸ್ಥಿತಿ 2016ರೊಳಗೆ ಬರುವುದೆಂಬ ಕೆಲವರ ಭವಿಷ್ಯವಾಣಿ ನಿಜವಾಗಲಿಲ್ಲವಾದರೂ, ದಶಕಗಳ ಇಳಿಕೆ ನಿರ್ವಿವಾದವಾಗಿದೆ.