ಹಿತ್ತಲ ಗಲ್ಲಿಯ ಮ್ಯಾನ್‌ಹೋಲ್: ಹಳೆಯ ಬೆಂಗಳೂರಿನ ಒಳಚರಂಡಿ ಮತ್ತು ರೋಬೋಟ್

ಒಳಚರಂಡಿಗೆ ರೋಬೋಟ್ ಇಳಿಸುವ ಮಾತು ಬಂದಾಗಲೆಲ್ಲ ಯಂತ್ರದ ಗುಣಗಾನವೇ ಹೆಚ್ಚು. ಅದು ಇಳಿಯಬೇಕಾದ ಜಾಗದ ಚರಿತ್ರೆಯ ಕಡೆಗೆ ಗಮನ ಹೋಗುವುದು ಕಡಿಮೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಮಟ್ಟಿಗಂತೂ ಮೊದಲು ಕೇಳಬೇಕಾದ ಪ್ರಶ್ನೆ ಯಂತ್ರದ್ದಲ್ಲ, ಗಲ್ಲಿಯದು.

ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಜನವಸತಿ ಚುರುಕಾದದ್ದು 1898ರ ಪ್ಲೇಗಿನ ಬಳಿಕ. ಗಾಳಿ ಬೆಳಕಿಗೆಂದು ಅಗಲವಾದ ರಸ್ತೆಗಳನ್ನು ಎಳೆದವರು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮನೆಸಾಲುಗಳ ನಡುವೆ ಕಿರಿದಾದ ಇನ್ನೊಂದು ದಾರಿಯನ್ನೂ ಬಿಟ್ಟರು. ಅದೇ ಕನ್ಸರ್ವೆನ್ಸಿ ಗಲ್ಲಿ. ಕಕ್ಕಸು ಇದ್ದದ್ದು ಹಿತ್ತಲಲ್ಲಿ. ಮಲ ಹೊರುವವರು ಬೀದಿಯ ಕಣ್ಣಿಗೆ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕಿತ್ತು. ಆರೋಗ್ಯದ ಹೆಸರಿನಲ್ಲಿ ಬರೆದ ನಕ್ಷೆಯಲ್ಲಿ ಜಾತಿಯೂ ತನ್ನ ಗೆರೆ ಎಳೆದಿತ್ತು. ಇದನ್ನು ಒಪ್ಪಿಕೊಳ್ಳದೆ ಈ ಬಡಾವಣೆಗಳ ಚೆಲುವನ್ನಷ್ಟೇ ಕೊಂಡಾಡುವ ಬರಹಗಳು ನನಗೆ ಅರೆಬರೆಯಾಗಿ ಕಾಣುತ್ತವೆ.

ನಗರದಲ್ಲಿ ಒಳಚರಂಡಿಯ ಕೆಲಸ ಶುರುವಾದದ್ದು 1922ರಲ್ಲಿ. ಕಕ್ಕಸು ಹಿತ್ತಲಲ್ಲೇ ಇದ್ದುದರಿಂದ ಕೊಳವೆಗಳೂ ಹಲವೆಡೆ ಅದೇ ಗಲ್ಲಿಯನ್ನು ಹಿಡಿದವು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಬಕೆಟ್ ಹೋಯಿತು, ಗಲ್ಲಿ ಉಳಿಯಿತು. ಇವತ್ತು ರಭಸದ ನೀರಿನಿಂದ ಕೊಳವೆಯ ಕಟ್ಟು ಒಡೆಯುವ ಜೆಟ್ಟಿಂಗ್ ಲಾರಿ ಅಡ್ಡರಸ್ತೆಯ ಬಾಯಲ್ಲೇ ನಿಂತುಬಿಡುತ್ತದೆ. ಲಾರಿ ನುಗ್ಗದ ಕಡೆಗೆ ಮನುಷ್ಯನನ್ನು ಕಳಿಸುವ ಆಸೆ ಹುಟ್ಟುವುದು ಅಲ್ಲಿಯೇ.

ಈ ಜಾಲದ ಅಳತೆಗಳಲ್ಲೂ ಮನುಷ್ಯನ ಮೈಯೇ ಅಡಗಿದೆ. ಒಳಗೆ ಇಳಿಯಲಾಗದಷ್ಟು ಸಣ್ಣದಾದ, ಕೈಯಿಂದಲೇ ಶುಚಿಗೊಳಿಸಬೇಕಾದ ಕೊಳವೆಗಳಲ್ಲಿ ಮ್ಯಾನ್‌ಹೋಲ್‌ಗಳ ನಡುವೆ 30 ಮೀಟರಿಗಿಂತ ಹೆಚ್ಚು ಅಂತರ ಕೂಡದೆಂಬುದು ನಮ್ಮ ಎಂಜಿನಿಯರಿಂಗ್ ಕೈಪಿಡಿಯ ನಿಯಮ. ಬಿದಿರಿನ ದಬ್ಬೆ ತೂರಿಸಿ ಕಟ್ಟು ಬಿಡಿಸುವ ಕೈಗೆ ಎಟುಕುವ ದೂರವನ್ನೇ ಅದು ಲೆಕ್ಕಕ್ಕೆ ಹಿಡಿದಿದೆ.

ಗುಂಡಿಯೊಳಗಿನ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ತಳದಲ್ಲಿ ಕುಳಿತಿರುತ್ತದೆ, ಕೆಸರು ಕಲಕಿದಾಗ ಮೇಲೇಳುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಮುಟ್ಟಿದರೆ ಮೂಗೇ ಸೋಲುತ್ತದೆ. ಆಗ ನಾತ ನಿಂತಿತೆಂದು ಇಳಿದವನು ನಂಬುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. 2015ರಲ್ಲಿ ಕೋಯಿಕ್ಕೋಡಿನಲ್ಲಿ ಇಬ್ಬರು ಕಾರ್ಮಿಕರ ಜೊತೆಗೆ, ಅವರನ್ನು ಉಳಿಸಲು ಹೋದ ಆಟೋ ಚಾಲಕ ನೌಷಾದ್ ಕೂಡ ತೀರಿಕೊಂಡದ್ದು ಹೀಗೆಯೇ.

ಆ ಸಾವುಗಳ ನೆನಪಿನಲ್ಲೇ ತಿರುವನಂತಪುರದ ಜೆನ್‌ರೊಬಾಟಿಕ್ಸ್ ಸಂಸ್ಥೆಯ ಯುವ ಎಂಜಿನಿಯರುಗಳು 2018ರಲ್ಲಿ ‘ಬ್ಯಾಂಡಿಕೂಟ್’ ಯಂತ್ರವನ್ನು ಹೊರತಂದರು. ಮೇಲೆ ಒಂದು ಸ್ಟ್ಯಾಂಡು. ಅದರಿಂದ ಇಳಿಯುವ ಯಂತ್ರ ಕಾಲು ಚಾಚಿ ಗುಂಡಿಯ ಗೋಡೆಗೆ ಒತ್ತಿ ನಿಂತು, ತೋಳಿನಿಂದ ಹೂಳು ಬಾಚಿ ಮೇಲಕ್ಕೆ ಕೊಡುತ್ತದೆ. ನಡೆಸುವವರು ಮೇಲೆ ನಿಂತು ಪರದೆ ನೋಡುತ್ತಾರೆ. ವಿಷಾನಿಲವನ್ನು ಸಂವೇದಕ ತಿಳಿಸುತ್ತದೆ. ಆದರೆ ಇದು ಗುಂಡಿಯ ಯಂತ್ರ, ಕೊಳವೆಯದಲ್ಲ. ಎರಡು ಮ್ಯಾನ್‌ಹೋಲ್‌ಗಳ ನಡುವೆ ಬೇರು ಹೊಕ್ಕಿದೆಯೋ, ಕೊಳವೆ ಸೀಳಿದೆಯೋ ತಿಳಿಯಲು ಚಕ್ರದ ಮೇಲೆ ತೆವಳುವ ಕ್ಯಾಮೆರಾ ಬೇಕು, ಕಟ್ಟು ಒಡೆಯಲು ಜೆಟ್ಟಿಂಗ್ ಬೇಕು. ಒಂದೇ ಯಂತ್ರ ಕೊಂಡು ಕೈತೊಳೆದುಕೊಂಡರೆ ಅರ್ಧ ಕೆಲಸ ಮತ್ತೆ ಮನುಷ್ಯನ ತಲೆಗೇ ಬೀಳುತ್ತದೆ.

ಕಾನೂನಿನಲ್ಲೂ ಒಂದು ಬಿರುಕಿದೆ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ಒಳಚರಂಡಿಯ ಮಟ್ಟಿಗೆ ನಿಷೇಧಿಸಿರುವುದು ‘ಅಪಾಯಕಾರಿ ಶುಚಿ’ಯನ್ನು, ರಕ್ಷಣಾ ಸಾಧನ ಕೊಡದೆ ಇಳಿಸುವುದೇ ಅಪಾಯಕಾರಿ ಎಂಬುದು ಅದರ ವ್ಯಾಖ್ಯೆ. ಅಂದರೆ ಸಾಧನ ತೊಡಿಸಿ ಇಳಿಸಲು ದಾರಿ ತೆರೆದೇ ಇದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿ 29ರಂದು ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸುವಂತೆ ಆದೇಶಿಸಿತು. ಆದ್ದರಿಂದ ಯಂತ್ರ ಈಗ ಅನುಕೂಲದ ಮಾತಾಗಿ ಉಳಿದಿಲ್ಲ.

ಹಳೆಯ ಬಡಾವಣೆಗಳಲ್ಲಿ ಆಗಬೇಕಾದ ಮೊದಲ ಕೆಲಸ ಅಗ್ಗದ್ದು. ಯಾವ ಗಲ್ಲಿ ಎಷ್ಟು ಅಗಲ, ಯಾವುದಕ್ಕೆ ಗೇಟು ಬಿದ್ದಿದೆ, ಯಾವ ಮುಚ್ಚಳ ಸಿಮೆಂಟಿನಡಿ ಹೂತಿದೆ, ಗುಂಡಿಯ ಆಳವೆಷ್ಟು ಎಂಬುದನ್ನು ನಡೆದು, ಅಳೆದು ಬರೆದಿಡಬೇಕು. ಇದನ್ನೆಲ್ಲ ಬಲ್ಲವರು ಇಷ್ಟು ವರ್ಷ ಅಲ್ಲಿ ದುಡಿದ ಕಾರ್ಮಿಕರು. ಅಳತೆಗೆ ಅವರನ್ನೇ ಕರೆದೊಯ್ಯಿರಿ; ಯಂತ್ರ ಬಂದ ದಿನ ಅದನ್ನು ನಡೆಸುವ ಕೆಲಸವನ್ನೂ, ಕಾಯಂ ಸಂಬಳದೊಂದಿಗೆ, ಅವರಿಗೇ ಕೊಡಿ ಎಂದು ಜಲಮಂಡಳಿಯನ್ನು ಕೇಳಿಕೊಳ್ಳುತ್ತೇನೆ.