ಬೋಗನ್‌ವಿಲ್ಲ ಬೋನ್ಸಾಯ್

ಬೋಗನ್‌ವಿಲ್ಲ ಬೋನ್ಸಾಯ್ ಎಂಬುದು ಕನ್ನಡದಲ್ಲಿ ಕಾಗದದ ಹೂ ಎಂದು ಹೆಸರಾದ ಬೋಗನ್‌ವಿಲ್ಲ ಪೊದೆಯನ್ನು ಆಳವಿಲ್ಲದ ಕುಂಡದಲ್ಲಿ, ಹಳೆಯ ಮರದ ರೂಪ ಬರುವಂತೆ ಗಿಡ್ಡವಾಗಿ ಬೆಳೆಸುವ ವಿಧಾನ. ಬೋನ್ಸಾಯ್ ಎಂಬ ಜಪಾನಿ ಪದಕ್ಕೆ ‘ತಟ್ಟೆಯಲ್ಲಿ ನೆಟ್ಟದ್ದು’ ಎಂಬ ಅರ್ಥವಿದೆ. ಈ ಕಲೆ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ವಿಕಾಸಗೊಂಡಿತು. ಅಲ್ಲಿ ಬಳಸುವ ಮೇಪಲ್ ಮೊದಲಾದ ಶೀತವಲಯದ ಮರಗಳಿಗೆ ದಕ್ಷಿಣ ಭಾರತದ ಬಯಲುಸೀಮೆಯ ಸೆಕೆ ಒಗ್ಗುವುದಿಲ್ಲ. ಬಿಸಿಲನ್ನೂ ನೀರಿನ ಕೊರತೆಯನ್ನೂ ತಾಳಿಕೊಳ್ಳುವ ಬೋಗನ್‌ವಿಲ್ಲ ಇಲ್ಲಿನ ಬೋನ್ಸಾಯ್ ಕೃಷಿಗೆ ಸೂಕ್ತವಾಗಿದೆ.

ಸಸ್ಯದ ಪರಿಚಯ

ಬೋಗನ್‌ವಿಲ್ಲದ ತವರು ದಕ್ಷಿಣ ಅಮೆರಿಕ. ಫ್ರಾನ್ಸಿನ ನೌಕಾಧಿಕಾರಿ ಲೂಯಿ ಆಂಟ್ವಾನ್ ದ ಬೋಗನ್‌ವಿಲ್ ಕೈಗೊಂಡ ಭೂಪ್ರದಕ್ಷಿಣೆಯಲ್ಲಿದ್ದ ಸಸ್ಯವಿಜ್ಞಾನಿ ಫಿಲಿಬೇರ್ ಕಾಮೆರ್ಸನ್, 1767ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ಬಳಿ ಈ ಗಿಡವನ್ನು ಗುರುತಿಸಿ ನಾಯಕನ ಹೆಸರನ್ನೇ ಇಟ್ಟನು. ಇದು ಸಂಜೆ ಮಲ್ಲಿಗೆಯ ಕುಟುಂಬವಾದ ನಿಕ್ಟಾಜಿನೇಸಿಗೆ ಸೇರಿದೆ. ಜನರು ಹೂವೆಂದು ಭಾವಿಸುವ ಬಣ್ಣದ ಭಾಗಗಳು ನಿಜವಾಗಿ ಪುಷ್ಪಪತ್ರಗಳು, ಅಂದರೆ ಮಾರ್ಪಟ್ಟ ಎಲೆಗಳು. ಸಾಮಾನ್ಯವಾಗಿ ಮೂರು ಪುಷ್ಪಪತ್ರಗಳ ನಡುವೆ ಕೊಳವೆಯಾಕಾರದ, ಬಿಳಿಯ ಚಿಕ್ಕ ಹೂಗಳಿರುತ್ತವೆ.

ಗಿಡದ ಆಯ್ಕೆ

ಬೋನ್ಸಾಯ್ ಕ್ರಮದಿಂದ ಎಲೆಗಳು ಕಿರಿದಾಗುತ್ತವೆ, ಆದರೆ ಹೂವಿನ ಗಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಆದಕಾರಣ ಚಿಕ್ಕ ಎಲೆ ಮತ್ತು ಚಿಕ್ಕ ಪುಷ್ಪಪತ್ರಗಳುಳ್ಳ ತಳಿಗಳು ಉತ್ತಮ. ಬಲಿತ ಕಡ್ಡಿಗಳನ್ನು ನೆಟ್ಟು ಗಿಡ ಮಾಡಬಹುದಾದರೂ ಕಾಂಡ ದಪ್ಪವಾಗಲು ಹಲವು ವರ್ಷಗಳು ಬೇಕು. ಬೇಲಿಯಿಂದ ಕಿತ್ತ ಹಳೆಯ ಬೊಡ್ಡೆಗಳು ಹೊಸದಾಗಿ ಚಿಗುರುವುದರಿಂದ ಅನೇಕರು ಅವುಗಳಿಂದಲೇ ಆರಂಭಿಸುತ್ತಾರೆ.

ಮಣ್ಣು ಮತ್ತು ಕುಂಡ

ನೀರು ನಿಂತರೆ ಬೇರು ಕೊಳೆಯುತ್ತದೆ. ಕೆಮ್ಮಣ್ಣಿಗೆ ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು ಮತ್ತು ಎಲೆಗೊಬ್ಬರವನ್ನು ಬೆರೆಸಿ, ತಳದಲ್ಲಿ ರಂಧ್ರಗಳಿರುವ ಕುಂಡದಲ್ಲಿ ನೆಡಬೇಕು. ಸುಮಾರು 2–3 ವರ್ಷಗಳಿಗೊಮ್ಮೆ, ಚಿಗುರು ಬರುವ ಬೆಚ್ಚಗಿನ ಕಾಲದಲ್ಲಿ, ಮಣ್ಣನ್ನು ಬದಲಿಸಲಾಗುತ್ತದೆ. ಬೇರುಗಳು ನವಿರಾಗಿದ್ದು ಸುಲಭವಾಗಿ ತುಂಡಾಗುತ್ತವೆ. ಮಣ್ಣನ್ನೆಲ್ಲ ಉದುರಿಸಿ ಬೇರನ್ನು ಬರಿದು ಮಾಡಿದರೆ ಗಿಡ ಸಾಯಬಹುದು.

ಆಕಾರ ಕೊಡುವುದು

ಎಳೆಯ ಕೊಂಬೆಗಳಿಗೆ ಅಲ್ಯೂಮಿನಿಯಂ ತಂತಿ ಸುತ್ತಿ ಬಾಗಿಸಬಹುದು. ಬಲಿತ ಕೊಂಬೆ ಬಾಗದೆ ಮುರಿಯುವುದರಿಂದ ಅದನ್ನು ಕತ್ತರಿಸಿಯೇ ರೂಪಿಸಬೇಕಾಗುತ್ತದೆ. ತಂತಿಯು ತೊಗಟೆಯೊಳಗೆ ಹೂತುಹೋಗುವ ಮುನ್ನ ಅದನ್ನು ತೆಗೆಯಬೇಕು. ಮರ ಮೃದುವಾಗಿರುವುದರಿಂದ ದೊಡ್ಡ ಗಾಯಗಳು ಬೇಗ ಮುಚ್ಚುವುದಿಲ್ಲ. ಅವುಗಳಿಗೆ ಲೇಪ ಹಚ್ಚದಿದ್ದರೆ ಕೊಳೆತವು ಕಾಂಡದೊಳಕ್ಕೆ ಇಳಿಯುತ್ತದೆ.

ಹೂ ಬಿಡಿಸುವುದು

ಆಕಾರ ಮತ್ತು ಹೂ ಇವೆರಡನ್ನೂ ಒಟ್ಟಿಗೆ ಪಡೆಯುವುದೇ ಈ ಕೃಷಿಯ ಮುಖ್ಯ ತೊಡಕು. ಬೋಗನ್‌ವಿಲ್ಲ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಆಕಾರ ಕೆಡದಿರಲೆಂದು ಸದಾ ತುದಿ ಚಿವುಟುತ್ತಿದ್ದರೆ ಹೂವಿಗೆ ಎಡೆಯೇ ಇರುವುದಿಲ್ಲ. ಚಿವುಟದೆ ಬಿಟ್ಟರೆ ಉದ್ದದ ಬಳ್ಳಿಕೊಂಬೆಗಳು ಹಬ್ಬಿ ಮರದ ರೂಪ ಅಳಿಯುತ್ತದೆ. ಆದುದರಿಂದ ಹೂ ಮುಗಿದೊಡನೆ ಗಟ್ಟಿಯಾಗಿ ಸವರಿ, ಚಿಗುರು ಬೆಳೆಯುವಾಗ ಒಂದೆರಡು ಬಾರಿ ಮಾತ್ರ ತುದಿ ಚಿವುಟಿ, ಅನಂತರ ಮೊಗ್ಗು ಕಾಣುವವರೆಗೆ ಮುಟ್ಟದೆ ಬಿಡುವುದು ವಾಡಿಕೆ.

ದಿನಕ್ಕೆ ಕನಿಷ್ಠ 6 ಗಂಟೆಗಳ ನೇರ ಬಿಸಿಲು ಅಗತ್ಯ. ಹೆಚ್ಚು ನೀರು ಮತ್ತು ಸಾರಜನಕವಿರುವ ಗೊಬ್ಬರ ದೊರೆತರೆ ಗಿಡ ಎಲೆಯನ್ನಷ್ಟೇ ಬೆಳೆಸುತ್ತದೆ. ಎಲೆಗಳು ತುಸು ಬಾಡುವವರೆಗೆ ನೀರು ತಡೆದು, ಬಳಿಕ ಧಾರಾಳವಾಗಿ ಉಣಿಸುವ ಕ್ರಮವನ್ನು ಕೆಲವು ವಾರ ಅನುಸರಿಸಿದರೆ ಮೊಗ್ಗು ಮೂಡುತ್ತದೆ. ಆದರೆ ನೆಲದಲ್ಲಿರುವ ಗಿಡದ ಬೇರು ಆಳಕ್ಕಿಳಿದು ತೇವವನ್ನು ಹುಡುಕಬಲ್ಲದು. ಕುಂಡದಲ್ಲಿ ಹಿಡಿಯಷ್ಟೇ ಮಣ್ಣಿರುವುದರಿಂದ ಬೇಸಿಗೆಯಲ್ಲಿ ಒಂದು ದಿನದ ಅಲಕ್ಷ್ಯವೂ ಕೊಂಬೆಗಳನ್ನು ಒಣಗಿಸಬಹುದು. ಹೊಸದಾಗಿ ನೆಟ್ಟ ಅಥವಾ ಸೊರಗಿದ ಗಿಡಕ್ಕೆ ಈ ಕ್ರಮ ಸಲ್ಲದು.

ಕೀಟ ಮತ್ತು ರೋಗ

ಎಲೆಯ ಅಂಚನ್ನು ತಿನ್ನುವ ಹಸಿರು ಕಂಬಳಿಹುಳುಗಳು ರಾತ್ರಿ ವೇಳೆ ಚುರುಕಾಗಿರುತ್ತವೆ; ಇವನ್ನು ಕೈಯಿಂದ ಆರಿಸಿ ತೆಗೆಯಬಹುದು. ಹಿಟ್ಟು ತಿಗಣೆ ಕಂಡರೆ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಸಿಂಪಡಿಸಲಾಗುತ್ತದೆ. ಸತತ ಮಳೆಯಿರುವಾಗ ಕುಂಡವನ್ನು ಸೂರಿನಡಿ, ಬೆಳಕು ಬೀಳುವೆಡೆ ಇರಿಸುವುದರಿಂದ ಬೇರುಕೊಳೆಯನ್ನು ತಡೆಗಟ್ಟಬಹುದು.