ಪರದೇಶದ ಮೊದಲ ಹಗಲು: ಘಟ್ಟದ ನಾಲ್ಕು ತಾಲೂಕುಗಳಲ್ಲಿ ಬರೆಯದೆ ಉಳಿದ ಪ್ರವಾಸಕಥನ

ಪ್ರವಾಸಕಥನಗಳಲ್ಲಿ ಓದುಗರ ನೆನಪಿನಲ್ಲಿ ಹೆಚ್ಚು ಕಾಲ ಉಳಿಯುವುದು ಬಹುಮಟ್ಟಿಗೆ ಮೊದಲ ದಿನದ ಪುಟಗಳು. ಭಾಷೆ ತಿಳಿಯದು, ದಾರಿ ತಿಳಿಯದು, ನಾಣ್ಯದ ಲೆಕ್ಕ ಹಿಡಿಯದು. ವಿಮಾನದಲ್ಲಿ ಬಂದಿಳಿದವನಾದರೆ ನಡುಹಗಲಲ್ಲಿ ತೂಕಡಿಕೆ, ನಡುರಾತ್ರಿಯಲ್ಲಿ ಹಸಿವು. ಬೆನ್ನಿಗೊಂದು ಚೀಲ ಏರಿಸಿಕೊಂಡು ಆತ ಬೀದಿಗಿಳಿದಾಗ ಕಾಣುವ ಊರು ಅರ್ಧ ಎಚ್ಚರದಲ್ಲಿ ಕಂಡ ಊರು. ಇಂಗ್ಲಿಷರು ‘ಜೆಟ್‌ಲ್ಯಾಗ್’ ಎಂದು ಕರೆದ ಈ ಸ್ಥಿತಿಗೆ ಆ ಹೆಸರು ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾದದ್ದು 1966ರಲ್ಲಿ. ಅದೇ ವರ್ಷ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಇವೆರಡೂ ಒಂದೇ ವರ್ಷದಲ್ಲಿ ನಡೆದದ್ದು ಕೇವಲ ಆಕಸ್ಮಿಕ. ಆದರೆ ಯಾರ ‘ಮೊದಲ ದಿನ’ಕ್ಕೆ ಹೆಸರು ಸಿಗುತ್ತದೆ, ಯಾರದಕ್ಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ಕೇಳಲು ಅದೊಂದು ಅನುಕೂಲವಾದ ನೆಲೆ.

ಮನುಷ್ಯದೇಹದೊಳಗಿನ ಜೈವಿಕ ಗಡಿಯಾರವು ಬೆಳಕನ್ನು ಅನುಸರಿಸಿ ನಡೆಯುತ್ತದೆ. ಬೇರೊಂದು ಕಾಲವಲಯಕ್ಕೆ ಹೋದಾಗ ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ತನ್ನನ್ನು ತಿದ್ದಿಕೊಳ್ಳಬಲ್ಲುದು. ಹಡಗಿನ ಕಾಲದಲ್ಲಿ ಈ ತೊಡಕು ಇರಲಿಲ್ಲ. ಮುಂಬಯಿಗೂ ಇಂಗ್ಲೆಂಡಿಗೂ ನಡುವಿನ ಅಂತರ ಐದೂವರೆ ಗಂಟೆ. ಎರಡು ಮೂರು ವಾರಗಳ ಸಮುದ್ರಯಾನದಲ್ಲಿ ಅದನ್ನು ಹಂಚಿದರೆ ದಿನಕ್ಕೆ ಬರುವುದು ಹದಿನೈದು ಇಪ್ಪತ್ತು ನಿಮಿಷ. ದೇಹಕ್ಕೆ ಅದರ ಅರಿವೇ ಆಗದು. 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟ ವಿ. ಕೃ. ಗೋಕಾಕರಿಗೆ ದಾರಿಯೇ ಒಂದು ಅನುಭವವಾಗಿ ಒದಗಿತು. ‘ಸಮುದ್ರಗೀತೆಗಳು’ ಆ ಯಾನದ ಫಲ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯ ಹೊತ್ತಿಗೆ ಪ್ರವಾಸಿಗ ವಿಮಾನದ ಯುಗಕ್ಕೆ ಸೇರಿದ್ದ. ದಾರಿ ಕಿರಿದಾಗಿ, ತಲುಪುವ ಗಳಿಗೆ ದೊಡ್ಡದಾಯಿತು. ಕನ್ನಡ ಪ್ರವಾಸಸಾಹಿತ್ಯದಲ್ಲಿ ಮೊದಲ ದಿನದ ಬೆರಗಿಗೆ ಹೆಚ್ಚಿನ ಪುಟಗಳು ದೊರೆಯಲು ಈ ಬದಲಾವಣೆಯೂ ಒಂದು ಕಾರಣವೆಂದು ನನ್ನ ಎಣಿಕೆ.

ಇನ್ನು ನಮ್ಮ ನೆಲಕ್ಕೆ ಬಂದ ಪರದೇಶಿಗಳನ್ನು ನೋಡೋಣ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಹೊರಟು ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟವೇರಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ತಲುಪಿದನು. ದಾರಿಯಲ್ಲಿ ಒಂದೆಡೆ ಸಾಮಾನುಗಳನ್ನು ಹೊರೆಗಟ್ಟುವುದು ಮುಗಿಯಲೆಂದು ಅವನು ಗುಡಿಯೊಂದರ ಮುಖಮಂಟಪದಲ್ಲಿ ಕಾದು ಕುಳಿತಿದ್ದಾಗ, ಕೆಲವು ಹುಡುಗರು ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹಾಡುತ್ತ, ಗುರುವಿಲ್ಲದೆ ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡುತ್ತಿದ್ದುದನ್ನು ಕಂಡನು. ಆ ಕಾಲದ ಕರ್ನಾಟಕದ ಶಿಕ್ಷಣಕ್ರಮಕ್ಕೆ ಅದು ಇಂದಿಗೂ ಅಮೂಲ್ಯವಾದ ಸಾಕ್ಷ್ಯ. ನಮ್ಮವರು ಅದನ್ನು ಬರೆದಿಡಲಿಲ್ಲ, ಏಕೆಂದರೆ ನಮ್ಮವರಿಗೆ ಅದು ದಿನನಿತ್ಯದ ನೋಟ. ಹೊಸಬನ ಕಣ್ಣಿಗೆ ಮಾತ್ರ ಅದು ಬರೆಯತಕ್ಕ ಸಂಗತಿಯಾಗಿ ತೋರಿತು.

ಫ್ರಾನ್ಸಿಸ್ ಬುಕನನ್ ಬಂದ ಬಗೆ ಬೇರೆ. ಟಿಪ್ಪುವಿನ ಪತನದ ಮರುವರ್ಷ ಕಂಪನಿ ಸರ್ಕಾರ ಅವನನ್ನು ನಿಯೋಜಿಸಿತು. 1801ರಲ್ಲಿ ಅವನು ಕೆನರಾ ಕರಾವಳಿಯನ್ನು ಮುಗಿಸಿ ಘಟ್ಟದ ಮೇಲಿನ ಸೋಂದೆ ಸೀಮೆಯನ್ನು ಹಾದುಹೋದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ದಿನಚರಿಯಲ್ಲಿ ಮಣ್ಣಿನ ಗುಣ, ಬೆಳೆ, ಗೇಣಿ, ಕಂದಾಯ, ಜಾತಿಗಳ ವಿವರ ತಾರೀಖುವಾರು ಬರುತ್ತವೆ. ಬೆರಗಿಗೆ ಅಲ್ಲಿ ಎಡೆ ಕಡಿಮೆ. ಪ್ರತಿ ಊರಿನಲ್ಲಿಯೂ ಅವನದು ಮೊದಲ ದಿನವೇ, ಬಹುಪಾಲು ಅದೇ ಕೊನೆಯ ದಿನವೂ ಹೌದು. ಒಂದೇ ದಿನದ ನೋಟವು ಮುಂದೆ ಆಡಳಿತಕ್ಕೆ ಆಧಾರವಾಗುವಾಗ ಎಷ್ಟು ಎಚ್ಚರ ಬೇಕು ಎಂಬುದನ್ನು ಬುಕನನ್ನನ್ನು ಆಕರವಾಗಿ ಬಳಸುವ ಸಂಶೋಧಕರು ಮರೆಯಬಾರದು.

ಈ ಇಬ್ಬರಿಗೂ ಗೋಕಾಕ, ಗೊರೂರರಂಥ ನಮ್ಮ ಪ್ರವಾಸಿಗರಿಗೂ ಸಮಾನವಾದ ಮೂರು ಸೌಕರ್ಯಗಳಿದ್ದವು. ಮರಳಿ ಹೋಗಲು ಒಂದು ಮನೆ, ಬರೆದುದನ್ನು ಓದಲು ಕಾದಿರುವ ಒಬ್ಬ ಓದುಗ, ಬರೆಯಲು ಬಿಡುವು. ದೆಲ್ಲಾ ವಾಲ್ಲೆಗೆ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ ಇದ್ದನು, ಪ್ರವಾಸದ ಪತ್ರಗಳೆಲ್ಲ ಅವನಿಗೆ ಬರೆದವು. ಬುಕನನ್ನನಿಗೆ ಕಂಪನಿ ಸರ್ಕಾರವಿತ್ತು. ಈ ಮೂರೂ ಇಲ್ಲದವರ ಮೊದಲ ದಿನ ಏನಾಯಿತು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಮುಂಡಗೋಡನ್ನೇ ತೆಗೆದುಕೊಳ್ಳಿ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಬಳಿಕ ಅವರನ್ನು ಹಿಂಬಾಲಿಸಿದ ಸಹಸ್ರಾರು ಜನರಲ್ಲಿ ಅನೇಕರು ಹಿಮಾಲಯದ ಸೆರಗಿನಲ್ಲಿ ರಸ್ತೆ ಕೆಲಸದ ಕೂಲಿಗಳಾಗಿ ವರ್ಷಗಳನ್ನು ಕಳೆದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಅಂದಿನ ಮೈಸೂರು ರಾಜ್ಯದಲ್ಲಿ ಮುಂಡಗೋಡಿನ ವಸತಿ ತಲೆಯೆತ್ತಿತು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಎತ್ತರದ ಲಾಸಾ ಪ್ರಾಂತದವರು ಸಾವಿರ ಮೀಟರನ್ನೂ ಮುಟ್ಟದ ಅರೆಮಲೆನಾಡಿನ ಸೆಕೆಗೂ ಮಳೆಗೂ ಬಂದಿಳಿದರು. ಕಾಡು ಕಡಿದು ಹೊಲ ಮಾಡಿದರು, ಬಾರ್ಲಿಯ ಜನ ಗೋವಿನಜೋಳ, ಭತ್ತಗಳನ್ನು ಬೆಳೆದರು. ಲಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂಡೆನ್, 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಠಗಳು ಇಲ್ಲಿಯೇ ಮತ್ತೆ ಕಟ್ಟಲ್ಪಟ್ಟವು. ಸುತ್ತಲಿನವರು ‘ಲಾಮಾ ಕ್ಯಾಂಪ್’ ಎಂದು ಕರೆಯುವ ಈ ನೆಲೆ ಇಂದು ವಿದ್ವತ್ತಿನ ಕೇಂದ್ರ. ಹಳಿಯಾಳದ ವಿದ್ಯಾರ್ಥಿಗೆ ಬಸ್ಸಿನ ದಾರಿಯಲ್ಲೇ ಸಿಗುವ ಪರದೇಶದ ಪಟ್ಟಣವದು. ಆದರೆ ಮೊದಲ ಬಸ್ಸು, ಲಾರಿಗಳಿಂದ ಇಳಿದವರು ಆ ದಿನ ಕಂಡದ್ದೇನು, ಯಾವ ಮರದ ನೆರಳಿನಲ್ಲಿ ಕುಳಿತರು, ಊರಿನವರು ಆಡಿದ ಯಾವ ಕನ್ನಡದ ಮಾತು ಮೊದಲು ಕಿವಿಗೆ ಬಿತ್ತು ಎಂಬುದಕ್ಕೆ ನಮ್ಮ ಪ್ರವಾಸಸಾಹಿತ್ಯದ ಚರಿತ್ರೆಗಳಲ್ಲಿ ಸ್ಥಾನವಿಲ್ಲ. ಅವರು ನಮ್ಮ ದೃಷ್ಟಿಯಲ್ಲಿ ಪ್ರವಾಸಿಗರಲ್ಲ, ನಿರಾಶ್ರಿತರು.

ಸಿದ್ದಿಯರ ವಿಷಯ ಇನ್ನೂ ಕಠಿಣ. ಪೂರ್ವ ಆಫ್ರಿಕಾದ ಮೂಲದ ಈ ಜನ ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರ, ಅಂಕೋಲಾಗಳ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರ ಪೂರ್ವಿಕರಲ್ಲಿ ಬಹುಮಂದಿಯನ್ನು ಗುಲಾಮರಾಗಿ ಗೋವೆಗೆ ತರಲಾಯಿತು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡನ್ನು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಮರಾಗಿ ಹಂಚಿಹೋದರೂ ಹಿರಿಯರ ಪೂಜೆ ಮತ್ತು ಡಮಾಮಿನ ಕುಣಿತ ಅವರನ್ನು ಒಂದಾಗಿ ಹಿಡಿದಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟು ದಾಖಲೆಯಲ್ಲಿದೆ. ಗೋವೆಯ ದಕ್ಕೆಯಲ್ಲಿ ಹಡಗಿನಿಂದ ಇಳಿದವನ ಮೊದಲ ಹಗಲು ಮಾತ್ರ ಅವನ ಮಾತಿನಲ್ಲಿ ನಮಗೆ ಉಳಿದಿಲ್ಲ. ದೆಲ್ಲಾ ವಾಲ್ಲೆ ಗೋವೆಯಲ್ಲಿದ್ದ ಕಾಲದಲ್ಲಿಯೇ ಅಂಥ ಹಡಗುಗಳು ಆ ಬಂದರಿಗೆ ಬರುತ್ತಿದ್ದವು. ಒಂದೇ ದಕ್ಕೆಯಲ್ಲಿ ಇಳಿದವರಲ್ಲಿ ಒಬ್ಬನ ಪತ್ರಗಳು ಯುರೋಪಿನಲ್ಲಿ ಗ್ರಂಥವಾದವು, ಇನ್ನೊಬ್ಬನ ಹೆಸರೂ ಉಳಿಯಲಿಲ್ಲ.

ದೇಶ ಬಿಡದೆಯೂ ಪರದೇಶಿಯಾಗಬಹುದು ಎಂಬುದಕ್ಕೆ ಜೋಯಿಡಾ ತಾಲೂಕೇ ಸಾಕ್ಷಿ. ಕಾಳಿನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ಅಲ್ಲಿನ ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವು. ಹೊಸ ಊರಿನಲ್ಲಿ ಅವರು ಕಣ್ತೆರೆದ ಮೊದಲ ಬೆಳಗೂ ಈ ಚರಿತ್ರೆಯ ಭಾಗವೇ.

ಕನ್ನಡ ಕಾವ್ಯಕ್ಕೆ ಈ ಭಾವ ಹೊಸದಲ್ಲ. ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸುವಾಗ ಮುಂಡಗೋಡಿಗೆ ನೆರೆಯಾದ ಬನವಾಸಿ ನಾಡನ್ನು ನೆನೆದ ಪದ್ಯಗಳು ಪ್ರತಿ ವಿದ್ಯಾರ್ಥಿಗೂ ಪರಿಚಿತ. ತಂಗಾಳಿ, ಹೂವಿನ ಕಂಪು, ಇಂಪಾದ ಹಾಡು ಯಾವುದು ತಾಗಿದರೂ ಮನಸ್ಸು ಅಲ್ಲಿಗೆ ಓಡುತ್ತದೆ. ವಿಮಾನದ ಪ್ರವಾಸಿಗನಲ್ಲಿ ಹಿಂದುಳಿಯುವುದು ದೇಹದ ಗಡಿಯಾರ. ಅದು ವಾರದೊಳಗೆ ಸರಿಹೋಗುತ್ತದೆ. ಪಂಪನು ಹೇಳಿದ ಹಿಂದುಳಿಯುವಿಕೆಗೆ ಅಂಥ ಅವಧಿಯಿಲ್ಲ. ಮುಂಡಗೋಡಿನ ವೃದ್ಧರು ಲೋಸಾರ್ ಹಬ್ಬದ ದಿನ ಲಾಸಾವನ್ನು ನೆನೆಯುವುದನ್ನು ಅರಿಯಲು ನಮಗೆ ಪಂಪನಿಗಿಂತ ಒಳ್ಳೆಯ ದಾರಿ ಬೇಡ. ಆದರೆ ಪಂಪನ ಬನವಾಸಿ ಪದ್ಯವಾಯಿತು, ಇವರ ಲಾಸಾ ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.

ಇಂದು ದಾಂಡೇಲಿಗೆ ಬೆನ್ನುಚೀಲದ ಪ್ರವಾಸಿಗರು ಕಾಳಿಯ ದೋಣಿವಿಹಾರಕ್ಕಾಗಿ, ಹುಲಿ ಸಂರಕ್ಷಿತ ಪ್ರದೇಶದ ಕಾಡಿಗಾಗಿ ಬರುತ್ತಾರೆ. ಅವರ ಮೊದಲ ದಿನ ಸಂಜೆಯೊಳಗೆ ಚಿತ್ರಸಮೇತ ಜಗತ್ತಿಗೆ ತಲುಪುತ್ತದೆ. ಅದರ ಬಗ್ಗೆ ಸಂಶೋಧಕರು ಚಿಂತಿಸಬೇಕಿಲ್ಲ. ಚಿಂತಿಸಬೇಕಾದದ್ದು, 1966ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ ಎಂಬುದನ್ನು. ಈ ಭಾಗದ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಾಗಿಲ್ಲ. ಟಿಬೆಟನ್ ಬಲ್ಲ ಅಲ್ಲಿನ ಯುವಕರನ್ನು ಜೊತೆಗೆ ಕರೆದುಕೊಂಡು ಹಿರಿಯರ ಮುಂದೆ ಕುಳಿತು, ‘ಇಲ್ಲಿಗೆ ಬಂದ ಮೊದಲ ದಿನ ಏನು ಉಂಡಿರಿ, ಎಲ್ಲಿ ಮಲಗಿದಿರಿ, ಯಾರು ಮೊದಲು ಮಾತನಾಡಿಸಿದರು’ ಎಂದು ಕೇಳಬೇಕು. ರಾಮನಗರದಲ್ಲಿ ಸೂಪಾದವರನ್ನೂ ಹೀಗೆಯೇ ಕೇಳಬೇಕು. ಸಿದ್ದಿಯರಲ್ಲಿ ಆ ದಿನವನ್ನು ಕಂಡವರಿಲ್ಲ, ಅಲ್ಲಿ ಹಾಡು ಮತ್ತು ಹಿರಿಯರ ಪೂಜೆಯ ಮಾತುಗಳಿಗೆ ಕಿವಿಗೊಡಬೇಕು. ಹೇಳಿದವರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸಿ, ಜೊತೆಗೆ ಕನ್ನಡದ ಪಾಠವನ್ನು ಕೊಟ್ಟರೆ ಪ್ರವಾಸಸಾಹಿತ್ಯವೆಂಬ ನಮ್ಮ ವರ್ಗೀಕರಣವೇ ವಿಸ್ತಾರಗೊಳ್ಳುತ್ತದೆ. ಈ ಕೆಲಸಕ್ಕೆ ಉಳಿದಿರುವ ಕಾಲ ಬಹಳವಿಲ್ಲ.